ಅಂತ್ಯಕ್ರಿಯೆಯ ಖರ್ಚು ಯಾರ ಹೊಣೆ?

[ತೆರೆಯ ಮೇಲೆ: ಗೆರೆ ಹಾಕಿದ ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ]

ನಮಸ್ಕಾರ. ಈ ಹಾಳೆ ನಮ್ಮ ದೊಡ್ಡಪ್ಪ ತೀರಿಕೊಂಡ ದಿನ ಅವರ ಎರಡನೆಯ ಮಗ ಬರೆದಿಟ್ಟದ್ದು. ಚಟ್ಟದ ಬಿದಿರು, ಮಡಕೆ, ಬಿಳಿ ಬಟ್ಟೆ, ಆಂಬುಲೆನ್ಸ್ ಬಾಡಿಗೆ, ಸೌದೆ, ತುಪ್ಪ, ಶಾಮಿಯಾನ, ಬಂದವರಿಗೆ ಕಾಫಿ ಎಂದು ಒಂದರ ಕೆಳಗೊಂದು ಬರೆದಿದ್ದಾನೆ. ಮೂವರು ಮಕ್ಕಳಲ್ಲಿ ಆ ಹೊತ್ತಿಗೆ ಊರಿನಲ್ಲಿದ್ದವನು ಅವನೊಬ್ಬನೇ ಆದ್ದರಿಂದ ಕೈಯಿಂದ ಹಾಕಿದವನೂ ಅವನೇ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಆ ಹಾಳೆಯನ್ನು ಯಾರೂ ಕೇಳಲಿಲ್ಲ. ಕೇಳದಿದ್ದಾಗ ತೋರಿಸಲು ಅವನಿಗೆ ಬಾಯಿ ಬರಲಿಲ್ಲ. ಸತ್ತವರ ಹೆಸರಿನಲ್ಲಿ ಲೆಕ್ಕ ಮಾಡುವುದು ಹಗುರವಾದ ಮಾತೆಂದು ನಮ್ಮ ಮನೆಗಳಲ್ಲಿ ಭಾವಿಸುತ್ತಾರೆ. ಆದರೆ ಆ ಮೌನದ ಭಾರವನ್ನು ಹೆಚ್ಚಿನ ಕಡೆ ಒಬ್ಬರೇ ಹೊರುತ್ತಾರೆ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಕಾನೂನು ಏನು ಹೇಳುತ್ತದೆ? ಹಿರಿಯ ನಾಗರಿಕರ ರಕ್ಷಣೆಗೆಂದು 2007ರಲ್ಲಿ ಬಂದ ಕಾಯ್ದೆಯು ತಂದೆ ತಾಯಿಯ ಜೀವನಾಂಶವನ್ನು ಮಕ್ಕಳ ಹೊಣೆಯಾಗಿಸಿದೆ. ಆದರೆ ಜೀವನಾಂಶ ಎಂಬ ಪದಕ್ಕೆ ಅದು ಕೊಡುವ ಅರ್ಥದಲ್ಲಿ ಅನ್ನ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆ ಸೇರಿವೆಯೇ ಹೊರತು ಅಂತ್ಯಕ್ರಿಯೆ ಸೇರಿಲ್ಲ. ಅಂತ್ಯಕ್ರಿಯೆಯ ವಿಷಯದಲ್ಲಿ ಕಾನೂನು ಮೊದಲು ನೋಡುವುದು ಮಕ್ಕಳ ಕಿಸೆಯನ್ನಲ್ಲ, ತೀರಿಕೊಂಡವರ ಆಸ್ತಿಯನ್ನು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 316ನೇ ಕಲಮಿನ ಪ್ರಕಾರ, ಸಾಕಷ್ಟು ಆಸ್ತಿ ಉಳಿದಿದ್ದರೆ, ಮೃತರ ಸ್ಥಿತಿಗತಿಗೆ ತಕ್ಕಂತೆ ಅಂತ್ಯಕ್ರಿಯೆಗೆ ಹಣ ಒದಗಿಸುವುದು ಉಯಿಲಿನ ನಿರ್ವಾಹಕರ, ಎಂದರೆ ಉಯಿಲನ್ನು ಜಾರಿಗೆ ತರಲು ಮೃತರು ನೇಮಿಸಿದವರ, ಕರ್ತವ್ಯ. 320ನೇ ಕಲಮು ಇನ್ನೂ ಸ್ಪಷ್ಟವಾಗಿದೆ: ಅಂತ್ಯಕ್ರಿಯೆಯ ಯುಕ್ತ ಖರ್ಚು, ಕೊನೆಗಾಲದ ವೈದ್ಯಕೀಯ ಶುಲ್ಕ, ಸಾವಿಗೆ ಹಿಂದಿನ ಒಂದು ತಿಂಗಳ ಊಟ ವಸತಿಯ ವೆಚ್ಚ ಇವೆಲ್ಲ ಉಳಿದ ಎಲ್ಲ ಸಾಲಗಳಿಗಿಂತ ಮೊದಲು ತೀರಬೇಕು. ಮುಸ್ಲಿಂ ಉತ್ತರಾಧಿಕಾರದಲ್ಲೂ ಇದೇ ಕ್ರಮ. ಕಫನ್ ದಫನ್, ಎಂದರೆ ಶವವಸ್ತ್ರ ಮತ್ತು ಹೂಳುವ ಖರ್ಚು ಮೊದಲು, ಸಾಲ ಆಮೇಲೆ, ಅದಾದ ಬಳಿಕ ವಸಿಯತ್ತು ಅಥವಾ ಉಯಿಲು, ಕೊನೆಗೆ ವಾರಸುದಾರರ ಪಾಲು.

ಹಿಂದೂ ಸಂಪ್ರದಾಯವೂ ಇದಕ್ಕೆ ದೂರವಿಲ್ಲ. "ಯಶ್ಚಾರ್ಥಹರಃ ಸ ಪಿಂಡದಾಯೀ" ಎನ್ನುತ್ತದೆ ವಿಷ್ಣುಸ್ಮೃತಿ. ಎಂದರೆ ಧನವನ್ನು ಪಡೆಯುವವನೇ ಪಿಂಡವನ್ನೂ ಕೊಡತಕ್ಕವನು. ಈ ಮಾತನ್ನು ಇಂದಿನ ಮನೆಗೆ ಅನ್ವಯಿಸಿದರೆ ಹಿರಿಯ ಮಗನೇ ಎಲ್ಲವನ್ನೂ ಹೊರಬೇಕೆಂಬ ವಾಡಿಕೆ ನಿಲ್ಲುವುದಿಲ್ಲ. ಕರ್ನಾಟಕವು 1994ರಲ್ಲೇ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ನೀಡಿತು. 2005ರಲ್ಲಿ ಅದು ದೇಶಕ್ಕೆಲ್ಲ ಬಂತು. ಪಾಲು ಸಮನಾದ ಮೇಲೆ ಖರ್ಚೂ ಸಮನಾಗಬೇಕು, ಕೊಳ್ಳಿ ಇಡುವ ಅಧಿಕಾರವೂ ಸಮನಾಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

[ತೆರೆಯ ಮೇಲೆ: ಬಾಳೆಲೆಯ ಸಾಲು]

"ಯುಕ್ತ" ಎಂಬ ಪದದ ಬಳಿ ಸ್ವಲ್ಪ ನಿಲ್ಲೋಣ. ಸುಡುವ ಅಥವಾ ಹೂಳುವ ಖರ್ಚಿನ ಬಗ್ಗೆ ಮನೆಗಳಲ್ಲಿ ಅಷ್ಟಾಗಿ ತಕರಾರು ಏಳುವುದಿಲ್ಲ. ಜಗಳ ಹುಟ್ಟುವುದು ಹಾಲುತುಪ್ಪ, ವೈಕುಂಠ ಸಮಾರಾಧನೆ, ಶಿವಗಣಾರಾಧನೆ, ಕರಾವಳಿಯ ಬೊಜ್ಜ ಮುಂತಾದ ಉತ್ತರಕ್ರಿಯೆಗಳ ಊಟದ ಲೆಕ್ಕದಲ್ಲಿ. ಕೂಲಿ ಮಾಡಿ ಬದುಕಿದವರ ತಿಥಿಗೆ ಐನೂರು ಎಲೆ ಹಾಕಿಸಿ, ಆಮೇಲೆ ಅದನ್ನೂ ಆಸ್ತಿಯಿಂದ ಮುರಿದುಕೊಳ್ಳುತ್ತೇನೆ ಎಂದರೆ ಅದು ಅವರ ಸ್ಥಿತಿಗತಿಗೆ ತಕ್ಕ ಖರ್ಚು ಎಂದು ಸಾಧಿಸುವುದು ಕಷ್ಟ. ಆದ್ದರಿಂದ ಅಡುಗೆಯವರಿಗೆ ಮುಂಗಡ ಕೊಡುವ ಮುನ್ನವೇ ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂತು ಮಾತಾಡಬೇಕು. ಬಡ್ಡಿಗೆ ಸಾಲ ತಂದು ಊರಿಗೆ ಊಟ ಹಾಕಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಹಣ ಎಲ್ಲಿಂದ ತರುವುದು? ಮೃತರ ಎಟಿಎಂ ಕಾರ್ಡು ಮನೆಯಲ್ಲೇ ಇದ್ದರೂ ಅದನ್ನು ಬಳಸಬೇಡಿ; ನಾಳೆ ಇತರ ವಾರಸುದಾರರು ಪ್ರಶ್ನಿಸಿದರೆ ಉತ್ತರಿಸುವುದು ಕಠಿಣ. ಬ್ಯಾಂಕು ನಾಮಿನಿಗೆ ಹಣ ಕೊಡುತ್ತದೆ, ಆದರೆ ನಾಮಿನಿ ಆ ಹಣದ ಒಡೆಯರಲ್ಲ, ವಾರಸುದಾರರ ಪರವಾಗಿ ಪಡೆದುಕೊಳ್ಳುವವರು ಮಾತ್ರ. ರಸ್ತೆ ಅಪಘಾತದ ಸಾವಾದರೆ ಪರಿಹಾರದಲ್ಲಿ ಅಂತ್ಯಕ್ರಿಯೆಗೆಂದೇ ಒಂದು ಬಾಬತ್ತು ಇದೆ. ಪ್ರಣಯ್ ಸೇಠಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಅದನ್ನು 15,000 ರೂಪಾಯಿ ಎಂದು ನಿಗದಿಪಡಿಸಿ, ಮೂರು ವರ್ಷಕ್ಕೊಮ್ಮೆ ಶೇಕಡಾ 10ರಷ್ಟು ಏರಿಸಬೇಕೆಂದಿತು.

ಮೃತರು ಇಎಸ್‌ಐ, ಎಂದರೆ ನೌಕರರ ರಾಜ್ಯ ವಿಮೆಯಲ್ಲಿದ್ದ ಕಾರ್ಮಿಕರಾಗಿದ್ದರೆ 15,000 ರೂಪಾಯಿವರೆಗೆ ಅಂತ್ಯಕ್ರಿಯೆ ವೆಚ್ಚ ಸಿಗುತ್ತದೆ. ಆ ಹಣ ಕುಟುಂಬದ ಹಿರಿಯ ಸದಸ್ಯರಿಗೆ ಸಲ್ಲುತ್ತದೆ. ಕುಟುಂಬವಿಲ್ಲದಿದ್ದರೆ, ಅಥವಾ ಮೃತರು ಕುಟುಂಬದಿಂದ ದೂರವಿದ್ದರೆ, ನಿಜವಾಗಿ ಖರ್ಚು ಮಾಡಿದವರಿಗೆ, ಅವರು ಪಕ್ಕದ ಮನೆಯವರಾಗಿದ್ದರೂ ಸಲ್ಲುತ್ತದೆ. ಇದಕ್ಕೆ ಸಾಮಾನ್ಯವಾಗಿ ಸಾವಿನಿಂದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಸ್ಮಶಾನದ ರಸೀದಿ, ಆಂಬುಲೆನ್ಸಿನ ಚೀಟಿ ಇವನ್ನು ಹಣ ಕೊಟ್ಟವರ ಹೆಸರಿನಲ್ಲೇ ಬರೆಸಿ, ಮರಣ ಪ್ರಮಾಣಪತ್ರದ ಪ್ರತಿಯೊಂದಿಗೆ ಒಂದು ಲಕೋಟೆಯಲ್ಲಿ ಹಾಕಿಡಿ. ನಮ್ಮ ದೊಡ್ಡಪ್ಪನ ಮಗನ ಬಳಿ ಆ ಹಾಳೆಯೊಂದಿತ್ತು, ರಸೀದಿ ಒಂದೂ ಇರಲಿಲ್ಲ.