ರಚನೆ ಎಲ್ಲಿ?

ಕೇಳುಗರಿಗೆ ನಮಸ್ಕಾರ. ಹೊಲದ ಬದುವಿನ ಮೇಲೆ ಮೊಬೈಲ್ ಇಟ್ಟು ಕೇಳುತ್ತಿರುವವರಿಗೆ, ಒಲೆ ಮುಂದೆ ರೊಟ್ಟಿ ಬಡಿಯುತ್ತ ಕೇಳುತ್ತಿರುವ ಅಕ್ಕ-ತಂಗಿಯರಿಗೆ, ಪುಸ್ತಕ ತೆರೆದಿಟ್ಟು ಓದುವ ಹಾಗೆ ನಟಿಸುತ್ತಿರುವ ಹತ್ತನೇ ಕ್ಲಾಸಿನ ಮಕ್ಕಳಿಗೆ, ಎಲ್ಲರಿಗೂ.

ನಾನು ಕೊಪ್ಪಳದ ಕಡೆ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನು. ರಿಟೈರ್ ಆದ ಮೇಲೆ ಈ ಕೃತಕ ಬುದ್ಧಿಮತ್ತೆಯ ಬೆನ್ನು ಹತ್ತಿದ್ದೇನೆ. ಇವತ್ತು ಕೊಟ್ಟಿರುವ ವಿಷಯ, ತರ್ಕದಿಂದ ನಡೆಯುವ ಯಂತ್ರ ನಿಜವಾಗಿ ಹೊಸದನ್ನು ಸೃಷ್ಟಿ ಮಾಡಬಲ್ಲದೇ ಅನ್ನೋದು. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಾಡುತ್ತದೆ. ಆದರೆ ಮಾಡಿದ್ದು ಹೊಸದು ಅಂತ ಅದಕ್ಕೆ ಗೊತ್ತಾಗೋದಿಲ್ಲ. ಹೊಸದನ್ನು ಮಾಡೋದು ಬೇರೆ, ಗುರುತಿಸೋದು ಬೇರೆ. ಇದೊಂದು ಮಾತು ಹಿಡಿದುಕೊಂಡರೆ ಸಾಕು, ಆಮೇಲೆ ಬೇಕಾದರೆ ರೇಡಿಯೋ ಆಫ್ ಮಾಡಿ, ನನಗೇನೂ ಬೇಜಾರಿಲ್ಲ.

ಮೊದಲು ತರ್ಕದ ಯಂತ್ರ ಅಂದರೇನು? ನಿಮ್ಮ ಮೊಬೈಲಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದಲ್ಲ, ಅದಲ್ಲ. ಅದು ರಾಶಿ ರಾಶಿ ಬರಹ ಓದಿ, ಮುಂದಿನ ಪದ ಯಾವುದಿರಬಹುದು ಅಂತ ಊಹೆ ಮಾಡುವ ಯಂತ್ರ. ತರ್ಕದ ಯಂತ್ರ ಹಳೇ ಕಾಲದ್ದು, ಶಿಸ್ತಿನದು. ಅಮಾವಾಸ್ಯೆ ದಿನ ಎತ್ತು ಹೂಡುವಂತಿಲ್ಲ. ಇವತ್ತು ಅಮಾವಾಸ್ಯೆ. ಅಂದಮೇಲೆ ಇವತ್ತು ಎತ್ತು ಹೂಡುವಂತಿಲ್ಲ. ಇಷ್ಟೇ. ಇಂಥ ನಿಯಮ ಒಂದರ ಮೇಲೊಂದು ಲಕ್ಷಗಟ್ಟಲೆ ಸಲ ಹಚ್ಚಿ, ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡುವುದು ಅದರ ಕೆಲಸ. ಇದನ್ನು ಕೇಳಿದ ಕೂಡಲೇ ಜನ ಅನ್ನುತ್ತಾರೆ: ಎಲ್ಲ ನಿಯಮದಲ್ಲೇ ಇತ್ತಲ್ಲ ಸರ್, ಹೊಸದೇನು ಬಂತು? ಹೇಳಿದ್ದಷ್ಟೇ ಮಾಡುತ್ತದೆ. ಈ ಮಾತು ಹಳೆಯದು. 1843ರಲ್ಲೇ ಏಡಾ ಲವ್‌ಲೇಸ್ ಅನ್ನೋ ಹೆಣ್ಣುಮಗಳು, ಆಗ ಬರೀ ನಕ್ಷೆಯಲ್ಲಿದ್ದ ಒಂದು ಲೆಕ್ಕದ ಯಂತ್ರದ ಬಗ್ಗೆ ಬರೆಯುತ್ತ, ಇದು ತಾನಾಗಿ ಏನನ್ನೂ ಹುಟ್ಟಿಸೋದಿಲ್ಲ, ಏನು ಮಾಡು ಅಂತ ಹೇಳಲು ನಮಗೆ ಬರುತ್ತದೋ ಅಷ್ಟನ್ನೇ ಮಾಡುತ್ತದೆ ಅಂದಿದ್ದರು. ದೊಡ್ಡ ಬುದ್ಧಿವಂತೆ. ಆದರೂ ನನಗೆ ಈ ಮಾತು ಒಪ್ಪಿಗೆ ಇಲ್ಲ. ಯಾಕಂದರೆ ನಾನೇ ಒಂದು ಸಲ ಹೀಗೆ ಅಂದು ಪೆಟ್ಟು ತಿಂದವನು.

ಆಗ ಕೊಪ್ಪಳ ಇನ್ನೂ ಜಿಲ್ಲೆ ಆಗಿರಲಿಲ್ಲ, ರಾಯಚೂರು ಜಿಲ್ಲೆಯಲ್ಲೇ ಇತ್ತು. ಒಂದು ಹಳ್ಳಿ ಹೈಸ್ಕೂಲು. ಒಂಬತ್ತನೇ ಕ್ಲಾಸಿಗೆ ರೇಖಾಗಣಿತ. ಸಮದ್ವಿಬಾಹು ತ್ರಿಭುಜ ನೆನಪಿದೆಯಾ? ಎರಡು ಬಾಹು ಸಮ ಇದ್ದರೆ ಅವುಗಳ ಎದುರಿನ ಕೋನಗಳೂ ಸಮ. ಇದನ್ನು ಸಾಧಿಸಬೇಕು. ನಾವು ಕಲಿತಿದ್ದು, ಕಲಿಸಿದ್ದು ಒಂದೇ ಪದ್ಧತಿ. ದತ್ತ, ಸಾಧನೀಯ, ರಚನೆ, ಸಾಧನೆ. ರಚನೆ ಅಂದರೆ ಚಿತ್ರದಲ್ಲಿ ಇಲ್ಲದ ಒಂದು ಗೆರೆಯನ್ನು ನಾವೇ ಹಾಕಿಕೊಳ್ಳೋದು. ಇಲ್ಲಿ ಮೇಲಿನ ತುದಿಯಿಂದ ಕೋನಾರ್ಧಕ, ಅಂದರೆ ಕೋನವನ್ನು ಸರಿಯಾಗಿ ಅರ್ಧ ಮಾಡುವ ಗೆರೆ ಇಳಿಸಿ, ತ್ರಿಭುಜವನ್ನು ಎರಡು ಮಾಡಿ, ಎರಡೂ ಸರ್ವಸಮ, ಅಂದರೆ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ ಅಂತ ತೋರಿಸಬೇಕು. ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಲ್ಲ, ಕಣ್ಣು ಕಟ್ಟಿ ಬಿಟ್ಟರೂ ಬರೆಯುತ್ತಿದ್ದೆ.

ಪರೀಕ್ಷೆಯಲ್ಲಿ ಒಬ್ಬ ಹುಡುಗಿ ಗೆರೆ ಹಾಕಿಯೇ ಇಲ್ಲ. ಸುಮ್ನೆ ನಾಲ್ಕು ಸಾಲು ಬರೆದಿದ್ದಾಳೆ. ಎ ಬಿ ಸಿ ತ್ರಿಭುಜವನ್ನು ಎ ಸಿ ಬಿ ತ್ರಿಭುಜದ ಜೊತೆ ಹೋಲಿಸಿದ್ದಾಳೆ. ಅಂದರೆ ಅದನ್ನು ಅದರ ಜೊತೆಗೇ! ಎಬಿ ಸಮ ಎಸಿ. ಎ ಕೋನ ಎರಡಕ್ಕೂ ಒಂದೇ. ಎಸಿ ಸಮ ಎಬಿ. ಬಾಹು, ಕೋನ, ಬಾಹು, ಆದ್ದರಿಂದ ಸರ್ವಸಮ, ಆದ್ದರಿಂದ ಬಿ ಕೋನ ಸಮ ಸಿ ಕೋನ. ನಾನು ಕೆಂಪು ಪೆನ್ನಿನಿಂದ ಅಡ್ಡ ಗೀಟು ಹೊಡೆದು, ಪಕ್ಕದಲ್ಲಿ "ರಚನೆ ಎಲ್ಲಿ?" ಅಂತ ಬರೆದೆ. ನಾಲ್ಕಕ್ಕೆ ಸೊನ್ನೆ.

ಪೇಪರ್ ಹಂಚಿದ ದಿನ ಸಂಜೆ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಮದುವೆ ಕಾರ್ಡಿನಿಂದ ಕತ್ತರಿಸಿದ ಒಂದು ತ್ರಿಭುಜ. ಒಂದು ತುದಿಗೆ ಅರಿಶಿಣ ಇತ್ತು, ಮೇಲೆ "ಆಗಮನಾಭಿ" ಅಂತ ಅರ್ಧ ಪದ ಉಳಿದಿತ್ತು. ನೋಟ್‌ಬುಕ್ಕಿನ ಮೇಲೆ ಅದನ್ನಿಟ್ಟು ಸುತ್ತ ಪೆನ್ಸಿಲ್ ಆಡಿಸಿದಳು. ಆಮೇಲೆ ಕಾರ್ಡು ಎತ್ತಿ ಮಗಚಿ ಅದೇ ಗೆರೆಯ ಮೇಲೆ ಕೂರಿಸಿದಳು. ಒಂದು ಕೂದಲೆಳೆ ಆಚೀಚೆ ಆಗಲಿಲ್ಲ.

"ಸರ, ಗೆರಿ ಯಾಕ ಹಾಕಬೇಕ್ರಿ? ಮಗಚಿ ಇಟ್ರ ಅದರ ಮ್ಯಾಲ ಅದ ಕುಂದ್ರತೈತಲ್ರಿ."

ನಾನು ಏನಂದೆ ಗೊತ್ತಾ? "ಪರೀಕ್ಷ್ಯಾಗ ಮಗಚಾಕ ಬರಂಗಿಲ್ಲವ್ವ, ಗೆರಿ ಹಾಕು" ಅಂದೆ. ಹೋದಳು.

ಎರಡು-ಮೂರು ವರ್ಷ ಬಿಟ್ಟು ಒಂದು ತರಬೇತಿಗೆ ಬೆಂಗಳೂರಿಗೆ ಹೋಗಿದ್ದೆ. ಅಲ್ಲಿನ ಲೈಬ್ರರಿಯಲ್ಲಿ ಸುಮ್ನೆ ಪುಟ ತಿರುವುವಾಗ ಅದೇ ನಾಲ್ಕು ಸಾಲು ಕಣ್ಣಿಗೆ ಬಿತ್ತು. ಎದೆ ಧಸಕ್ ಅಂತು. 1956ರಲ್ಲಿ ಅಮೆರಿಕದ ವಿಜ್ಞಾನಿ ಮಾರ್ವಿನ್ ಮಿನ್ಸ್ಕಿ, ರೇಖಾಗಣಿತ ಮಾಡುವ ಯಂತ್ರ ಇದ್ದರೆ ಅದು ಯಾವ ನಿಯಮದಿಂದ ನಡೆಯಬಹುದು ಅಂತ ಯೋಚಿಸಿ, ತಾನೇ ಯಂತ್ರ ಆದ ಹಾಗೆ ಕಾಗದದ ಮೇಲೆ ಆ ನಿಯಮಗಳನ್ನು ನಡೆಸಿ ನೋಡಿದ್ದರು. ಎರಡು ಕೋನ ಸಮ ಅನ್ನಬೇಕಾದರೆ ಅವು ಇರುವ ತ್ರಿಭುಜಗಳು ಸರ್ವಸಮ ಇವೆಯಾ ನೋಡು, ಇಂಥ ನಿಯಮ. ಚಿತ್ರದಲ್ಲಿ ಇರೋದೇ ಒಂದು ತ್ರಿಭುಜ. ನಿಯಮ ಅದನ್ನು ಅದರ ಜೊತೆಗೇ ಹೋಲಿಸಿತು. ಸಾಧನೆ ಮುಗಿಯಿತು! ಇದನ್ನು ಸುಮಾರು 1,700 ವರ್ಷದ ಹಿಂದೆ ಅಲೆಗ್ಸಾಂಡ್ರಿಯದ ಗಣಿತಜ್ಞ ಪಪ್ಪಸ್ ಕಂಡಿದ್ದ ಅಂತ ಆಮೇಲೆ ಗೊತ್ತಾಯಿತಂತೆ. ಮಿನ್ಸ್ಕಿಗೇ ಅದು ಬರುತ್ತದೆ ಅಂತ ನಿರೀಕ್ಷೆ ಇರಲಿಲ್ಲ.

ಈಗ ಹೇಳಿ. ಹೇಳಿದ್ದಷ್ಟೇ ಮಾಡಿತಾ? ಹೇಳಿದ್ದನ್ನೇ ಮಾಡಿತು, ಆದರೆ ಹೇಳಿದವನಿಗೂ ಗೊತ್ತಿಲ್ಲದ ಕಡೆ ಹೋಗಿ ನಿಂತಿತು. ನಮ್ಮ ಹುಡುಗಿಯೂ ನಿಯಮ ಮುರಿಯಲಿಲ್ಲ. ಇಬ್ಬರೂ ಬರೆದದ್ದು ಅದೇ ನಾಲ್ಕು ಸಾಲು. ಅವಳದ್ದು ಹೊಸದಾದರೆ ಇದೂ ಹೊಸದೇ, ಅದರಲ್ಲಿ ಕಂಜೂಸಿ ಮಾಡಬಾರದು. ವ್ಯತ್ಯಾಸ ಎಲ್ಲಿದೆ ಅಂದರೆ, ಅವಳು ಕಾರ್ಡು ಕತ್ತರಿಸಿಕೊಂಡು ಜಗಳಕ್ಕೆ ಬಂದಳು. ತಾನು ಮಾಡಿದ್ದರಲ್ಲಿ ಏನೋ ಇದೆ ಅಂತ ಅವಳಿಗೆ ಗೊತ್ತಿತ್ತು. ಯಂತ್ರಕ್ಕೆ ಸೊನ್ನೆ ಕೊಡಿ, ಅದು ಸ್ಟಾಫ್ ರೂಮಿಗೆ ಬರೋದಿಲ್ಲ. ಮಾಡೋದು ಬೇರೆ, ಗುರುತಿಸೋದು ಬೇರೆ. ನನ್ನಂಥ ಮಾಸ್ತರನಿಗೇ ಗುರುತಿಸೋಕೆ ಆಗಲಿಲ್ಲ ಅನ್ನೋದು ಇನ್ನೊಂದು ಕಥೆ.

ಮನೆಯಲ್ಲಿ ಗಡಿಯಾರ ಇಟ್ಟು ಓದಿ ನೋಡಿದಾಗ ಇಲ್ಲಿಗೇ ಏಳು ನಿಮಿಷ ಆಗಿತ್ತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಅದೇ 1956ರ ಹೊತ್ತಿಗೆ ನ್ಯೂವೆಲ್, ಸೈಮನ್, ಶಾ ಅನ್ನೋ ಮೂವರು ತರ್ಕದ ಪ್ರೋಗ್ರಾಮ್ ಒಂದನ್ನು ಬರೆದರು. ರಸೆಲ್ ಮತ್ತು ವೈಟ್‌ಹೆಡ್ ಬರೆದ ತರ್ಕದ ದೊಡ್ಡ ಗ್ರಂಥದ ಒಂದು ಅಧ್ಯಾಯದ ಮೊದಲ 52 ಪ್ರಮೇಯದಲ್ಲಿ 38ನ್ನು ಅದು ಸಾಧಿಸಿತು. ಒಂದಕ್ಕೆ ಗ್ರಂಥದಲ್ಲಿದ್ದದ್ದಕ್ಕಿಂತ ಅಂದವಾದ ದಾರಿ ಹುಡುಕಿತು. ರಸೆಲ್‌ಗೆ ಪತ್ರ ಬರೆದು ತಿಳಿಸಿದಾಗ ಅವರು ಖುಷಿಪಟ್ಟರು. ಆ ಪ್ರೋಗ್ರಾಮಿನ ಹೆಸರನ್ನೂ ಲೇಖಕರ ಸಾಲಿನಲ್ಲಿ ಸೇರಿಸಿ ಒಂದು ಪತ್ರಿಕೆಗೆ ಕಳಿಸಿದರೆ, ಪತ್ರಿಕೆಯವರು ವಾಪಸ್ ಮಾಡಿದರು. ನೋಡಿ, ಅಲ್ಲೂ ಕೆಂಪು ಪೆನ್ನು!

ಇನ್ನೊಂದು. ಹೌದು-ಅಲ್ಲ ಅನ್ನೋದರ ಬೀಜಗಣಿತ ಒಂದಿದೆ, ಕಂಪ್ಯೂಟರ್ ನಡೆಯೋದೇ ಅದರ ಮೇಲೆ. ಅದಕ್ಕೆ ಇಂಥ ಮೂರೇ ಸೂತ್ರ ಸಾಕಾಗುತ್ತವಾ ಅಂತ 1930ರ ದಶಕದಲ್ಲಿ ಹರ್ಬರ್ಟ್ ರಾಬಿನ್ಸ್ ಅನ್ನೋ ಗಣಿತಜ್ಞ ಕೇಳಿದ್ದರು. ಘಟಾನುಘಟಿಗಳು ಕೈಚೆಲ್ಲಿದ್ದರು. 1996ರಲ್ಲಿ ವಿಲಿಯಂ ಮೆಕ್‌ಕ್ಯೂನ್ ಬರೆದ ಪ್ರೋಗ್ರಾಮ್ ಸುಮಾರು ಎಂಟು ದಿನ ಓಡಿ, ಸಾಕಾಗುತ್ತವೆ ಅಂತ ಸಾಧಿಸಿ ತೋರಿಸಿತು. ಅರವತ್ತು ವರ್ಷ ಮನುಷ್ಯರಿಗೆ ಸಿಗದ್ದು. ಆದರೆ ಆ ಪ್ರಶ್ನೆ ಕೇಳಬೇಕು ಅಂತ ಅನ್ನಿಸಿದ್ದು ರಾಬಿನ್ಸ್‌ಗೆ. ಉತ್ತರ ಬಂದಾಗ ಕುಣಿದಾಡಿದ್ದೂ ಮನುಷ್ಯರೇ.

ಗೆರೆ ಹಾಕುವ ವಿಷಯಕ್ಕೆ ಬಂದರೆ, 2024ರ ಜನವರಿಯಲ್ಲಿ ಗೂಗಲ್ ಡೀಪ್‌ಮೈಂಡ್‌ನವರು ಆಲ್ಫಾಜಿಯೋಮೆಟ್ರಿ ಅನ್ನೋದನ್ನು ಹೊರಗೆ ಬಿಟ್ಟರು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನ 30 ರೇಖಾಗಣಿತದ ಲೆಕ್ಕದಲ್ಲಿ 25ನ್ನು ಬಿಡಿಸಿತು. ಅದರ ಒಳಗೆ ಇಬ್ಬರಿದ್ದಾರೆ ಅಂತ ತಿಳಿಯಿರಿ. ಒಬ್ಬ ತರ್ಕದವನು, ಸಾಧನೆ ಪೂರಾ ಅವನದು. ಇನ್ನೊಬ್ಬ ಆಗಲೇ ಹೇಳಿದ ಊಹೆಯವನು. ತರ್ಕದವನು ಸಿಕ್ಕಿಬಿದ್ದಾಗ, ಇಲ್ಲೊಂದು ಬಿಂದು ಇಡು, ಅಲ್ಲೊಂದು ಗೆರೆ ಎಳೆ ಅಂತ ಹೇಳುತ್ತಾನೆ. ತರ್ಕದವನೊಬ್ಬನನ್ನೇ ಬಿಟ್ಟರೆ 14ಕ್ಕೆ ನಿಂತುಬಿಡುತ್ತಾನೆ. ಅಂದರೆ ಅವನಿಗೆ ಕಷ್ಟ ಆಗೋದು ರಚನೆಯೇ! ನಾನು ಕೆಂಪು ಪೆನ್ನಿನಲ್ಲಿ "ರಚನೆ ಎಲ್ಲಿ?" ಅಂತ ಆ ಹುಡುಗಿಯನ್ನು ಕೇಳಿದ್ದು ತಪ್ಪು, ಆದರೆ ಪ್ರಶ್ನೆ ಮಾತ್ರ ಸರಿಯಾದದ್ದು.

ನಮ್ಮ ಕಡೆಯ ಒಂದು ಉದಾಹರಣೆ ಹೇಳದೆ ಹೋದರೆ ನನಗೆ ನಿದ್ದೆ ಬರೋದಿಲ್ಲ. ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರ ಭಾಮಿನಿ ಷಟ್ಪದಿಯಲ್ಲಿದೆ. ಮೊದಲ ಸಾಲು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಲಘು-ಗುರು ಹೇಗೆ ಬೇಕಾದರೂ ಜೋಡಿಸಿದರೆ 225 ನಮೂನೆ. ಗಣದ ಮೊದಲಿಗೆ ಲಘು ಬಂದು ಅದರ ಬೆನ್ನಿಗೇ ಗುರು ಬರಬಾರದು ಅನ್ನೋ ನಿಯಮ ಹಚ್ಚಿದರೆ ಬರೀ 64. ಯಂತ್ರ ಆ 64ನ್ನೂ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕಕ್ಕುತ್ತದೆ. ದಾಸರೂ ಅದೇ ಬೇಲಿಯೊಳಗೇ ಹಾಡಿದ್ದು. ನಿಯಮ ಇದ್ದರೆ ಹೊಸದು ಹುಟ್ಟೋದಿಲ್ಲ ಅನ್ನೋರು ಅವರನ್ನು ಒಂದು ಸಲ ಓದಬೇಕು. ಆ 64ರಲ್ಲಿ ಈ ಮಾತಿಗೆ ಇದೇ ಸರಿ ಅಂತ ಕಿವಿಗೆ ಹೊಳೆಯಬೇಕಲ್ಲ, ಆ ಕಿವಿಯನ್ನು ಯಾವ ಸೂತ್ರದಲ್ಲಿ ಬರೆಯೋದು?

ಟೈಮ್ ಆಯಿತು. ಮಕ್ಕಳೇ, ಮನೆಗೆಲಸ. ಇದನ್ನೇ ಉಲ್ಟಾ ಮಾಡಿ. ತ್ರಿಭುಜದಲ್ಲಿ ಎರಡು ಕೋನ ಸಮ ಇದ್ದರೆ ಎದುರಿನ ಬಾಹುಗಳೂ ಸಮ ಅಂತ, ಒಂದೂ ಗೆರೆ ಹಾಕದೆ ಸಾಧಿಸಿ. ಮನೆಯಲ್ಲಿ ಹಳೇ ಮದುವೆ ಕಾರ್ಡು ಇದ್ದೇ ಇರುತ್ತದೆ. ಬರೆದದ್ದನ್ನು ನಿಮ್ಮ ಗಣಿತದ ಮಾಸ್ತರಿಗೆ ತೋರಿಸಿ. ಸೊನ್ನೆ ಕೊಟ್ಟರೆ, ಕಾರ್ಡು ಹಿಡಿದುಕೊಂಡು ಸ್ಟಾಫ್ ರೂಮಿಗೆ ಹೋಗಿ. ನಮಸ್ಕಾರ.