ಮೆರವಣಿಗೆಗೆ ಐದು ಮಾತ್ರೆ: ದಸರಾ ರಜೆಯ ಲಯದಾಟಗಳು

ಕೇಳುಗರಿಗೆ ನಮಸ್ಕಾರ.

ವಿಜಯದಶಮಿಯ ದಿನ ಮಕ್ಕಳನ್ನು ಸಂಗೀತ ಪಾಠಕ್ಕೆ ಕೂರಿಸುವ ರೂಢಿ ನಮ್ಮಲ್ಲಿದೆ. ಅಂದು ಪುಟ್ಟ ಮಗುವಿಗೆ ಎದುರಾಗುವ ಮೊದಲ ತೊಡಕು ಸ್ವರದ್ದಲ್ಲ, ತಾಳದ್ದು. ಆದಿತಾಳ ಹಾಕಬೇಕೆಂದರೆ ತೊಡೆಗೆ ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಅದಾದ ಮೇಲೆ ಎರಡು ಸಲ ಪೆಟ್ಟು ಮತ್ತು ಹುಸಿ, ಅಂದರೆ ಅಂಗೈಯನ್ನು ಮೇಲಕ್ಕೆ ತಿರುಗಿಸುವುದು. ಒಟ್ಟು ಎಂಟು ಎಣಿಕೆ. ಇದರ ಜೊತೆಗೆ ಬಾಯಲ್ಲಿ ಸರಳೆ ವರಸೆ, ಅಂದರೆ ಸರಿಗಮದ ಮೊದಲ ಪಾಠ. ನಾಲ್ಕೈದು ವರ್ಷದ ಬಹಳ ಮಕ್ಕಳಿಗೆ ಉಂಗುರ ಬೆರಳು ಬೇರೆಯಾಗಿ ಏಳುವುದೇ ಕಷ್ಟ. ಬೆರಳ ಕಡೆ ಗಮನ ಹೋದರೆ ಸ್ವರ ನಿಲ್ಲುತ್ತದೆ, ಸ್ವರದ ಕಡೆ ಹೋದರೆ ಕೈ ನಿಲ್ಲುತ್ತದೆ. ಹಾಗಾಗಿ ವಿಜಯದಶಮಿಗೆ ಮೊದಲಿನ ಒಂಬತ್ತು ದಿನ ಬೆರಳಿನ ಗೊಡವೆಗೇ ಹೋಗದೆ ಲಯವನ್ನಷ್ಟೇ ಆಡಿಸುವುದು ಒಳ್ಳೆಯದು. ದಿನಕ್ಕೆ ಹದಿನೈದು ನಿಮಿಷ ಸಾಕು. ಮಕ್ಕಳು ಎಂಟೋ ಹತ್ತೋ ಇದ್ದರೆ ಆಟ ಕಳೆಗಟ್ಟುತ್ತದೆ, ಇಬ್ಬರೇ ಇದ್ದರೂ ನಡೆಯುತ್ತದೆ.

ಮೊದಲ ಆಟಕ್ಕೆ ಬಾಯಿ ಮತ್ತು ತೊಡೆ ಬಿಟ್ಟು ಇನ್ನೇನೂ ಬೇಡ. ಹಬ್ಬದ ಮಾತುಗಳನ್ನೇ ತೆಗೆದುಕೊಳ್ಳಿ. ಅರಮನೆ: ನಾಲ್ಕೂ ಅಕ್ಷರ ಲಘು, ಅಂದರೆ ನಾಲ್ಕು ಮಾತ್ರೆ. ತಾಳದ ಸೊಲ್ಲಿನಲ್ಲಿ ಅದೇ ತಕಧಿಮಿ. ಉಸಲಿ: ಮೂರು ಮಾತ್ರೆ, ತಕಿಟ. ಮೆರವಣಿಗೆ: ಐದು, ತಕತಕಿಟ. ಕುದುರೆ ಅರಮನೆ ಎಂದು ಸೇರಿಸಿದರೆ ಮೂರೂ ನಾಲ್ಕೂ ಏಳು, ತಕಿಟ ತಕಧಿಮಿ. ಈ ನಾಲ್ಕು, ಮೂರು, ಐದು, ಏಳಕ್ಕೆ ಕ್ರಮವಾಗಿ ಚತುರಶ್ರ, ತಿಶ್ರ, ಖಂಡ, ಮಿಶ್ರ ಎಂಬ ಹೆಸರುಗಳು ನಿಮಗೆ ಗೊತ್ತಿದ್ದರೆ ಸಾಕು, ಮಕ್ಕಳಿಗೆ ಈಗಲೇ ಬೇಡ.

ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂರಲಿ. ಪದದ ಮೊದಲ ಅಕ್ಷರಕ್ಕೆ ಮಾತ್ರ ತೊಡೆಗೆ ಪೆಟ್ಟು. ಮೇಜಿನ ಮೇಲೆ ತಟ್ಟುತ್ತೇನೆ, ಕೇಳಿ. (ತಟ್ಟುತ್ತಾ) ಅರಮನೆ, ಅರಮನೆ, ಅರಮನೆ, ಅರಮನೆ. ಸುಮಾರು ಸೆಕೆಂಡಿಗೊಂದು ಅರಮನೆ. ಇದಕ್ಕಿಂತ ನಿಧಾನ ಮಾಡಬೇಡಿ. ಚಿಕ್ಕ ಮಕ್ಕಳ ಸಹಜ ಗತಿ ನಮ್ಮದಕ್ಕಿಂತ ಚುರುಕು, ವಿಳಂಬದಲ್ಲಿ ಕಾಯುವುದು ಅವಕ್ಕೆ ಆಗದು. ಎರಡು ಪೆಟ್ಟಿನ ನಡುವೆ ಬಾಯಿಗೆ ಅಕ್ಷರಗಳಿದ್ದರೆ ಮಾತ್ರ ಕಾಯುತ್ತವೆ. ನಾಲ್ಕು ಅರಮನೆ ಆದ ಮೇಲೆ ನಿಲ್ಲಿಸದೆ ನಾಲ್ಕು ಉಸಲಿ. ಅಕ್ಷರದ ವೇಗ ಬದಲಾಗಬಾರದು, ಪೆಟ್ಟು ಮಾತ್ರ ಬೇಗ ಬರಬೇಕು. (ತಟ್ಟುತ್ತಾ) ಉಸಲಿ, ಉಸಲಿ, ಉಸಲಿ, ಉಸಲಿ.

ಕೆಡುವುದು ಇಲ್ಲೇ. ಕೈಗೆ ಹಳೆಯ ದೂರ ರೂಢಿಯಾಗಿರುತ್ತದೆ. ಅದನ್ನು ತುಂಬಿಸಲು ಮಕ್ಕಳು ‘ಉಸಲೀ’ ಎಂದು ಕೊನೆಯನ್ನು ಎಳೆಯುತ್ತವೆ, ಮೂರು ಮಾತ್ರೆ ನಾಲ್ಕಾಗುತ್ತದೆ. ‘ಎಳೀಬೇಡ’ ಎಂದು ಗದರಿಸಿದರೆ ಪ್ರಯೋಜನವಿಲ್ಲ. ನೀವು ಒಂದು ಮಣೆಯ ಮೇಲೆ ಪ್ರತಿ ಅಕ್ಷರವನ್ನೂ ಮೆಲ್ಲಗೆ ತಟ್ಟುತ್ತಾ ಹೋಗಿ, ಅವು ಮೊದಲ ಅಕ್ಷರವನ್ನಷ್ಟೇ ತಟ್ಟಲಿ. ಎಳೆದ ಮಗುವಿಗೆ ತನ್ನ ಪೆಟ್ಟು ಮಣೆಯ ಸದ್ದಿನಿಂದ ತಪ್ಪಿದ್ದು ತಾನೇ ಕೇಳಿಸುತ್ತದೆ.

ಇನ್ನೊಂದು ತಪ್ಪು ಹೇಳಿಕೊಡುವವರದು: ಮಾತ್ರೆ ಬಿಟ್ಟು ಅಕ್ಷರ ಎಣಿಸುವುದು. ಹೋಳಿಗೆಯಲ್ಲಿ ಅಕ್ಷರ ಮೂರು, ಮಾತ್ರೆ ನಾಲ್ಕು, ಏಕೆಂದರೆ ‘ಹೋ’ ದೀರ್ಘ. ಚಕ್ಕುಲಿಯೂ ಹಾಗೇ, ಒತ್ತಕ್ಷರದ ಹಿಂದಿನ ‘ಚ’ ಗುರುವಾಗುತ್ತದೆ. ಹೋಳಿಗೆಯನ್ನು ತಕಿಟಕ್ಕೆ ಕೂರಿಸಲು ಹೋದರೆ ಅದು ‘ಹೊಳಿಗೆ’ ಆಗುತ್ತದೆ. ಲಯವೂ ಹೋಯಿತು, ಕನ್ನಡವೂ ಹೋಯಿತು. ದೊಡ್ಡವರು ಹೈಸ್ಕೂಲಿನಲ್ಲಿ ಲಘು ಗುರು ಹಾಕಿದ್ದು ಕೊನೆಗೂ ಉಪಯೋಗಕ್ಕೆ ಬರುವುದು ಹೀಗೆ!

ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ಎರಡು ಗುಂಪು ಮಾಡಿ. ಒಂದು ಗುಂಪು ‘ಕುದುರೆ ಕುದುರೆ’ ಎನ್ನಲಿ, ಇನ್ನೊಂದು ‘ಆನೆ ಆನೆ’ ಎನ್ನಲಿ. ಆನೆಗೆ ಎರಡೇ ಅಕ್ಷರ, ಆದರೂ ಮೊದಲ ಪೆಟ್ಟು ಕುದುರೆಯ ಜೊತೆಗೇ ಬೀಳುತ್ತದೆ, ಎರಡಕ್ಕೂ ಮೂರೇ ಮಾತ್ರೆ. ಜಂಬೂಸವಾರಿಗೆ ಎಷ್ಟು ಗೊತ್ತೇ? ಜಂ ಎರಡು, ಬೂ ಎರಡು, ಸ ಒಂದು, ವಾ ಎರಡು, ರಿ ಒಂದು, ಒಟ್ಟು ಎಂಟು. ಆದಿತಾಳದ ಎಣಿಕೆಯೂ ಎಂಟೇ. ಸರಳೆ ವರಸೆಯ ಆರೋಹಣದಲ್ಲಿ ಮೇಲಿನ ಷಡ್ಜವೂ ಸೇರಿ ಸ್ವರಗಳೂ ಎಂಟು. ಒಂದು ಗುಂಪು ಸ್ವರ ಹೇಳಲಿ, ಇನ್ನೊಂದು ಗುಂಪು ಸ್ವರಕ್ಕೊಂದು ಮಾತ್ರೆಯಂತೆ ಜಂಬೂಸವಾರಿ ಹೊರಡಿಸಲಿ.

ಎರಡನೆಯದು ಗೊಂಬೆಯಾಟ. ಎಂಟು ಹೆಜ್ಜೆ ನಡೆಯುವುದು, ಮುಂದಿನ ಎಂಟು ಎಣಿಕೆ ಗೊಂಬೆಯಂತೆ ನಿಲ್ಲುವುದು, ಮತ್ತೆ ಎಲ್ಲರೂ ಒಟ್ಟಿಗೆ ನಡಿಗೆ. ಹೆಜ್ಜೆ ಸೆಕೆಂಡಿಗೆ ಎರಡರಂತೆ ಇರಲಿ. ಮೊದಮೊದಲು ಎಲ್ಲವೂ ಐದಕ್ಕೋ ಆರಕ್ಕೋ ಹೊರಟುಬಿಡುತ್ತವೆ. ಸದ್ದಿಲ್ಲದ ಹೊತ್ತು ಮನಸ್ಸಿನಲ್ಲಿ ಓಡುತ್ತದೆ, ದೊಡ್ಡವರಿಗೂ ಅಷ್ಟೇ. ಮದ್ದೇನೆಂದರೆ ಮೌನಕ್ಕೂ ಕೈಗೊಂದು ಕೆಲಸ ಕೊಡುವುದು. ಪ್ರತಿ ಎಣಿಕೆಗೆ ಅಂಗೈ ಮೇಲೆ, ಅಂಗೈ ಕೆಳಗೆ. ತಾಳದ ಹುಸಿಯೂ ಇದೇ ಅಲ್ಲವೇ? ಎರಡು ದಿನ ಹೀಗೆ ಆಡಿಸಿ ಆಮೇಲೆ ಕೈ ಆಡಿಸುವುದನ್ನು ಬಿಡಿಸಿ.

ವಾದ್ಯ ಬೇಕೆಂದು ಹಟ ಹಿಡಿದರೆ ಮೊದಲು ತೆಂಗಿನ ಕರಟ ಕೊಡಿ, ಗಿಲಕಿ ಆಮೇಲೆ. ಗಿಲಕಿಯೊಳಗಿನ ಕಾಳು ಕೈ ನಿಂತ ಮೇಲೂ ಉರುಳುತ್ತದೆ, ಮೌನ ಎಲ್ಲಿ ಶುರುವಾಯಿತೆಂದು ತಿಳಿಯುವುದಿಲ್ಲ. ಕರಟದ ಸದ್ದು ಚೊಕ್ಕ. ಒಣಗಿದ ಕರಟದ ನಾರು ಹೆರೆದು, ಅಂಚನ್ನು ಉಪ್ಪುಕಾಗದದಲ್ಲಿ ನುಣುಪಾಗುವ ತನಕ ಉಜ್ಜಿ. ಅಂಚಿಗೆ ಅಂಚು ತಾಗಿಸಿ ತಕ್ಷಣ ಬಿಡಿಸಬೇಕು, ಒತ್ತಿ ಹಿಡಿದರೆ ಸದ್ದು ಒಳಗೇ ಸಾಯುತ್ತದೆ. ಗಿಲಕಿ ಮಾಡುವುದಾದರೆ ಕಾಲು ಲೀಟರಿನ ಬಾಟಲಿಗೆ ಎರಡು ಚಮಚ ರಾಗಿ ಅಥವಾ ಹುರುಳಿ ಸಾಕು. ಅರ್ಧ ತುಂಬಿದರೆ ಕಾಳಿಗೆ ಓಡಾಡಲು ಜಾಗವಿಲ್ಲದೆ ಸದ್ದು ಮಂಕಾಗುತ್ತದೆ. ಮುಚ್ಚಳಕ್ಕೆ ಗೋಂದು ಹಾಕಿ ಭದ್ರ ಮಾಡಿ. ಮನೆಯಲ್ಲಿ ಇನ್ನೂ ಚಿಕ್ಕ ಮಗುವಿದ್ದರೆ ಕಾಳು ಗಂಟಲಿಗೆ ಸಿಕ್ಕೀತು.

ಐದು ವರ್ಷ ದಾಟಿದವರಿಗೆ ಕೋಲಾಟ. ಕೋಲು ಮಗುವಿನ ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆಗಿಂತ ಉದ್ದ ಬೇಡ. ಉದ್ದವಾದರೆ ತುದಿ ಎದುರಿನವರ ಮುಖಕ್ಕೇ ಹೋಗುತ್ತದೆ. ಮೊದಲ ದಿನಗಳಿಗೆ ನಾಲ್ಕು ಹಾಳೆ ಪತ್ರಿಕೆಯನ್ನು ಬಿಗಿಯಾಗಿ ಸುತ್ತಿ ಟೇಪು ಹಚ್ಚಿದ ಕೋಲೇ ಸರಿ. ಬುಡದಿಂದ ಸ್ವಲ್ಪ ಮೇಲೆ ಸಡಿಲವಾಗಿ ಹಿಡಿಯಲಿ, ಪೆಟ್ಟು ಎದೆಯ ಮಟ್ಟಕ್ಕಿಂತ ಮೇಲೇರದಿರಲಿ. ಒಂದಕ್ಕೆ ತನ್ನ ಎರಡು ಕೋಲು ತಾಗಿಸುವುದು, ಎರಡಕ್ಕೆ ಎದುರಿನವರ ಬಲಗೋಲಿಗೆ ತನ್ನ ಬಲಗೋಲು, ಮೂರಕ್ಕೆ ಮತ್ತೆ ತನ್ನದು, ನಾಲ್ಕಕ್ಕೆ ಎಡಕ್ಕೆ ಎಡ. ಎದುರುಬದುರು ನಿಂತಾಗ ಬಲಕ್ಕೆ ಬಲ ತಾಗಬೇಕಾದರೆ ಕೈ ಓರೆಯಾಗಿ ದಾಟಬೇಕು. ಗೊಂದಲ ಆಗುವುದು ಇಲ್ಲಿಯೇ, ಬಲಗೋಲಿಗೆ ಕೆಂಪು ದಾರ ಕಟ್ಟಿ.

ಪೆಟ್ಟು ಜೋರಾದಷ್ಟೂ ಗತಿ ಓಡುತ್ತದೆ. ಓಡಿದಾಗ ಕೋಲು ಕೆಳಗಿಡಿಸಿ, ಬರೀ ಬಾಯಲ್ಲಿ ಒಂದು ಸುತ್ತು ಹೇಳಿಸಿ ಮತ್ತೆ ಶುರು ಮಾಡಿ. ಒಂದು ಪೆಟ್ಟು ತಪ್ಪಿದ ಮಗು ಅದನ್ನೇ ಹುಡುಕುತ್ತಾ ನಿಂತರೆ ಜೋಡಿಯೂ ನಿಲ್ಲುತ್ತದೆ, ಸಾಲೂ ಕೆಡುತ್ತದೆ. ತಪ್ಪಿದ್ದನ್ನು ಬಿಟ್ಟು ಮುಂದಿನ ಒಂದಕ್ಕೋ ಮೂರಕ್ಕೋ ತನ್ನ ಕೋಲಿನಲ್ಲೇ ಬಂದು ಸೇರಿಕೊಳ್ಳಬೇಕೆಂದು ಮೊದಲೇ ಹೇಳಿರಿ. ಧ್ವನಿಮುದ್ರಿತ ಹಾಡು ಹಾಕಿದರೆ ಈ ಸೌಕರ್ಯ ಇರುವುದಿಲ್ಲ, ಅದು ಯಾರಿಗೂ ಕಾಯುವುದಿಲ್ಲ. ನಿಮ್ಮ ಬಾಯೇ ಇರಲಿ, ಶ್ರುತಿ ಅಷ್ಟಿಷ್ಟು ಆಚೀಚೆಯಾದರೂ ಪರವಾಗಿಲ್ಲ.

ಜೋಡಿ ಬದಲಾಯಿಸುವುದನ್ನು ಕೊನೆಯ ಎರಡು ದಿನಕ್ಕೆ ಇಟ್ಟುಕೊಳ್ಳಿ. ಒಳಗಿನ ಸುತ್ತು ನಿಂತೇ ಇರುತ್ತದೆ, ಹೊರಗಿನ ಸುತ್ತು ನಾಲ್ಕು ಆವರ್ತ, ಅಂದರೆ ಒಂದರಿಂದ ನಾಲ್ಕರ ಎಣಿಕೆ ನಾಲ್ಕು ಸಲ, ಮುಗಿದ ಮೇಲೆ ಬಲಕ್ಕೆ ಒಂದು ಜಾಗ ಸರಿಯುತ್ತದೆ. ಸರಿಯುವುದಕ್ಕೂ ನಾಲ್ಕು ಎಣಿಕೆ ಕೊಡಿ. ಆ ನಾಲ್ಕರಲ್ಲಿ ಕೋಲು ಕೆಳಗಿರಲಿ, ಬಾಯಲ್ಲಿ ಅರಮನೆ ನಡೆಯುತ್ತಿರಲಿ. ನಮಸ್ಕಾರ.