ಹಾಲೆಯ ಅಡುಗೆಮನೆಯಲ್ಲಿ ದುವಾಲಾದ ಹುಡುಗಿ

ಈಗ ತೆರೆಯ ಮೇಲೆ ಕಾಣುತ್ತಿರುವ ಕೈಗಳು ನನ್ನವಲ್ಲ, ಪಕ್ಕದ ಕೋಣೆಯವಳವು. ಅವಳ ಊರು ಕ್ಯಾಮರೂನ್ ದೇಶದ ದುವಾಲಾ. ಓದುತ್ತಿರುವುದು ನನ್ನಂತೆಯೇ ಇಲ್ಲಿ, ಜರ್ಮನಿಯ ಹಾಲೆ ನಗರದಲ್ಲಿ. ಮುಖ ತೋರಿಸಬಾರದು, ಹೆಸರು ಹೇಳಬಾರದು, ಅಡುಗೆಯನ್ನು ಮಾತ್ರ ಅರ್ಧಕ್ಕೆ ಕತ್ತರಿಸಬಾರದು ಎಂಬುದು ಅವಳ ಷರತ್ತು. ಆಗಲಿ.

ತಯಾರಾಗುತ್ತಿರುವುದು ಎನ್‌ಡೋಲೆ. ಕಹಿ ಸೊಪ್ಪು, ರುಬ್ಬಿದ ಕಡಲೆಕಾಯಿ, ಒಣ ಸೀಗಡಿ. ಸೊಪ್ಪು ಲೈಪ್‌ಜಿಗ್‌ನ ಆಫ್ರಿಕನ್ ಅಂಗಡಿಯಿಂದ ಹೆಪ್ಪುಗಟ್ಟಿದ ಪೊಟ್ಟಣದಲ್ಲಿ ಬಂದದ್ದು. ನೋಡಿ, ಬೆಂದ ಸೊಪ್ಪನ್ನು ತಣ್ಣೀರಿನಲ್ಲಿ ಕಿವುಚಿ ಹಿಂಡುತ್ತಾಳೆ, ನೀರು ಚೆಲ್ಲುತ್ತಾಳೆ, ಮತ್ತೆ ಹಿಂಡುತ್ತಾಳೆ. ಕಹಿ ಪೂರ್ತಿ ಉಳಿದರೂ ಕಷ್ಟ, ಪೂರ್ತಿ ಹೋದರೂ ಕಷ್ಟ. ಒಂದೆಳೆ ಬಾಯಿಗೆ ಹಾಕಿಕೊಂಡು, ಕಣ್ಣು ಕಿರಿದಾಗಿಸಿ, ಇನ್ನೊಂದು ಸಲ ಹಿಂಡಬೇಕೋ ಬೇಡವೋ ಎಂದು ಅವಳೇ ತೀರ್ಮಾನಿಸುತ್ತಾಳೆ. ನನ್ನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ಅದು ಬೇಯುವಷ್ಟರಲ್ಲಿ ದುಡ್ಡಿನ ಮಾತು. ಯುರೋಪಿನ ಹೊರಗಿನಿಂದ ಜರ್ಮನಿಗೆ ಓದಲು ಬರುವವರಲ್ಲಿ ಹೆಚ್ಚಿನವರು ಒಂದು ವರ್ಷದ ಖರ್ಚನ್ನು ಮೊದಲೇ ಬ್ಯಾಂಕ್ ಖಾತೆಯಲ್ಲಿ ಇಟ್ಟು ತೋರಿಸಬೇಕು. ಈ ಖಾತೆಗೆ ಸ್ಪೆರ್‌ಕೊಂಟೊ ಎನ್ನುತ್ತಾರೆ. ನಾವು ಇಟ್ಟದ್ದು 11,904 ಯೂರೋ. ಅದರಿಂದ ತಿಂಗಳಿಗೆ ಕೈಗೆ ಬರುವುದು 992. ನನಗೆ ಶಿಕ್ಷಣ ಸಾಲ ಸಿಕ್ಕಿತ್ತು. ಅವಳ ದೇಶದ ಸಿಎಫ್‌ಎ ಫ್ರಾಂಕ್ ಅನ್ನು 1999ರಿಂದ ಯೂರೋಗೆ ಗಂಟು ಹಾಕಿದ್ದಾರೆ, 1 ಯೂರೋಗೆ 655.957 ಫ್ರಾಂಕ್. ಲೆಕ್ಕ ಹಾಕಿದರೆ 78 ಲಕ್ಷ ಫ್ರಾಂಕ್ ದಾಟುತ್ತದೆ. ಅವಳ ತಾಯಿ ದುವಾಲಾದ ಮಾರುಕಟ್ಟೆಯಲ್ಲಿ ಬಟ್ಟೆ ಮಾರುತ್ತಾರೆ. ಹಣದ ದೊಡ್ಡ ಪಾಲು ಬಂದದ್ದು ತೊಂತೀನ್‌ನಿಂದ, ಅಂದರೆ ನಮ್ಮ ಚೀಟಿಯಂಥದ್ದು: ಎಲ್ಲರೂ ಕಟ್ಟುವುದು, ಸರದಿಯಂತೆ ಒಬ್ಬರು ಎತ್ತುವುದು. ಈ ಹುಡುಗಿಗಾಗಿ ಬೇರೆ ಹೆಂಗಸರು ತಮ್ಮ ಸರದಿಯನ್ನೇ ಬಿಟ್ಟುಕೊಟ್ಟರಂತೆ. ಹೀಗಾಗಿ ಫಲಿತಾಂಶ ಬಂದ ದಿನ ಅವಳು ಲೆಕ್ಕ ಒಪ್ಪಿಸಬೇಕಾದದ್ದು ತಾಯಿಯೊಬ್ಬರಿಗಲ್ಲ, ಇಡೀ ಮಾರುಕಟ್ಟೆ ಸಾಲಿಗೆ! ನನ್ನ ಬ್ಯಾಂಕ್ ಕಂತು ಕೇಳುತ್ತದೆಯೇ ಹೊರತು ಅಂಕ ಕೇಳುವುದಿಲ್ಲ.

ವರ್ಷಕ್ಕೆ 140 ಪೂರ್ಣ ದಿನ ದುಡಿಯಬಹುದು ಎಂಬ ಮಿತಿ ಇಬ್ಬರಿಗೂ ಒಂದೇ. ಗೋದಾಮಿನ ರಾತ್ರಿ ಪಾಳಿಯೂ ಒಂದೇ. ಮನೆ ಹುಡುಕುವಾಗ ಮಾತ್ರ ನಾವಿಬ್ಬರೂ ಒಂದೇ ಬಗೆಯ ವಿದೇಶಿಯರಲ್ಲ.

ವಿದ್ಯಾರ್ಥಿ ನಿಲಯದಲ್ಲಿ ನಮ್ಮ ಅವಧಿ ಮುಗಿಯುತ್ತಾ ಬಂದಿದೆ. ಕ್ಯಾಮರೂನ್ 1884ರಿಂದ ಮೊದಲ ಮಹಾಯುದ್ಧದವರೆಗೆ ಜರ್ಮನ್ ವಸಾಹತಾಗಿತ್ತು. ಅಲ್ಲಿನ ಪ್ರೌಢಶಾಲೆಗಳಲ್ಲಿ ಈಗಲೂ ಜರ್ಮನ್ ಕಲಿಸುತ್ತಾರೆ. ಹಾಗಾಗಿ ಅವಳ ಜರ್ಮನ್ ಸೊಗಸು. ನನ್ನದು ಬ್ರೆಡ್ ಕೊಳ್ಳುವುದಕ್ಕೆ ಸಾಲುವಷ್ಟು. ಫೋನಿನಲ್ಲಿ ಅವಳಿಗೆ 'ಬನ್ನಿ ಬನ್ನಿ' ಎಂದವರು ಬಾಗಿಲು ತೆರೆದ ಮೇಲೆ 'ಅಯ್ಯೋ, ಈಗ ತಾನೇ ಬೇರೆಯವರಿಗೆ ಕೊಟ್ಟೆವು' ಎಂದರು. ಮರುದಿನ ಅದೇ ಮನೆಗೆ ನಾನು ಹೋದೆ. ಮಾಲೀಕರು ಬಾಲ್ಕನಿಯನ್ನೂ ತೋರಿಸಿ, ಸೈಕಲ್ ಎಲ್ಲಿ ನಿಲ್ಲಿಸಬಹುದು ಎಂದೂ ವಿವರಿಸಿದರು. ನನಗೆ ಕೋಪ ನೆತ್ತಿಗೇರಿತು. ಅವಳು ನಕ್ಕಳು. 'ನೀನು ಬಂದರೆ ಸಾಫ್ಟ್‌ವೇರ್ ಎಂಜಿನಿಯರ್ ಬಂದ ಎಂದುಕೊಳ್ಳುತ್ತಾರೆ. ನಾನು ಬಂದರೆ ದೋಣಿಯಲ್ಲಿ ಬಂದವಳು ಎಂದುಕೊಳ್ಳುತ್ತಾರೆ.' ಆ ಕೋಣೆ ನನಗೂ ಬೇಡವಾಯಿತು.

ಈ ದೃಶ್ಯ ವಿಶ್ವವಿದ್ಯಾಲಯದ ಹತ್ತಿರ ಚಿತ್ರೀಕರಿಸಿದ್ದು. ಅವಳಿಗಿಂತ ಬಹಳ ಹಿಂದೆ ಇಲ್ಲಿ ಓದಿದ ಇನ್ನೊಬ್ಬ ಆಫ್ರಿಕನ್ನನ ಕಥೆ ಇಲ್ಲಿ ಹೇಳಲೇಬೇಕು. ಆಂಟೋನ್ ವಿಲ್‌ಹೆಲ್ಮ್ ಅಮೋ ಈಗಿನ ಘಾನಾದಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಯುರೋಪಿಗೆ ಒಯ್ಯಲ್ಪಟ್ಟು, ಜರ್ಮನ್ ರಾಜಮನೆತನವೊಂದರ ಆಶ್ರಯದಲ್ಲಿ ಬೆಳೆದವನು. 1727ರಲ್ಲಿ ಹಾಲೆಯಲ್ಲಿ ವಿದ್ಯಾರ್ಥಿಯಾಗಿ ಹೆಸರು ನೋಂದಾಯಿಸಿದ. 1729ರಲ್ಲಿ ಅವನು ಇಲ್ಲಿ ಮಂಡಿಸಿದ ವಿಷಯ ಏನು ಗೊತ್ತೇ? ಯುರೋಪಿನಲ್ಲಿ ಕಪ್ಪು ಜನರ ಹಕ್ಕುಗಳು. ಆ ಬರಹ ಉಳಿದಿಲ್ಲ. ಮುಂದೆ ಹಾಲೆ ಮತ್ತು ಯೇನಾದಲ್ಲಿ ತತ್ತ್ವಶಾಸ್ತ್ರ ಕಲಿಸಿ, ಕೊನೆಗೆ ತನ್ನ ನೆಲಕ್ಕೇ ಹಿಂತಿರುಗಿದ. ನನ್ನ ಗೆಳತಿಗೆ ಅವನ ಬಗ್ಗೆ ಭಕ್ತಿಯೇನೂ ಇಲ್ಲ. 'ಅವನು ಲ್ಯಾಟಿನ್‌ನಲ್ಲಿ ವಾದಿಸಿದ, ನಾನು ಜರ್ಮನ್‌ನಲ್ಲಿ ವಾದಿಸುತ್ತಿದ್ದೇನೆ, ವಿಷಯ ಅದೇ' ಎನ್ನುತ್ತಾಳೆ.

ಎನ್‌ಡೋಲೆ ಆಯಿತು, ಹುರಿದ ಬಾಳೆಕಾಯಿಯ ಜೊತೆ ಬಡಿಸಿದ್ದಾಳೆ. ಖಾರ ನಮಗೆ ಸರಿಹೋಗುತ್ತದೆ.

ಊಟದ ನಡುವೆ ಅವಳೊಂದು ಪ್ರಶ್ನೆ ಕೇಳಿದಳು. ಅವಳ ಚಿಕ್ಕಪ್ಪನ ಮಗ ಓದಲು ಬೆಂಗಳೂರಿಗೆ ಬರುತ್ತಿದ್ದಾನಂತೆ. 'ನಿಮ್ಮ ಊರಿನಲ್ಲಿ ಅವನಿಗೆ ಮನೆ ಕೊಡುತ್ತಾರೆಯೇ?' 2016ರಲ್ಲಿ ಬೆಂಗಳೂರಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ನಡೆಸಿದ್ದನ್ನು ಅವಳು ಆಗಲೇ ಓದಿದ್ದಾಳೆ. ಗುಂಪು ಕೆರಳಿದ್ದು ಸುಡಾನ್‌ನ ಒಬ್ಬನ ಕಾರು ಮಾಡಿದ ಅಪಘಾತಕ್ಕೆ, ಅದಕ್ಕೂ ಆ ಹುಡುಗಿಗೂ ಸಂಬಂಧವೇ ಇರಲಿಲ್ಲ ಎಂಬುದೂ ಅವಳಿಗೆ ಗೊತ್ತು. ನಾನು ಸಮರ್ಥನೆಗೆ ಇಳಿಯಲಿಲ್ಲ. ನನ್ನ ವೀಕ್ಷಕರನ್ನೇ ಕೇಳುತ್ತೇನೆ ಎಂದೆ.

ಕೇಳುತ್ತಿದ್ದೇನೆ. ಹುಡುಗ ಬಿಸಿಎ ಸೇರುತ್ತಾನೆ, ಬಾಡಿಗೆ ತಪ್ಪದೆ ಕಟ್ಟುತ್ತಾನೆ, ಮೀನು ತಿನ್ನುತ್ತಾನೆ. ಕೋಣೆ ಇದ್ದವರು ಕೆಳಗೆ ಬರೆಯಿರಿ. ಫೋನಿನಲ್ಲಿ 'ಬನ್ನಿ' ಎನ್ನುವ ಮೊದಲು, ಅವನು ಎಲ್ಲಿಯವನು ಎಂದು ನಾನು ಹೇಳಿಬಿಟ್ಟಿದ್ದೇನೆ.